ಗಾಳಿ ಸೋರಿದ್ದು ಕಡ್ಡಿಯ ಬುಡದಲ್ಲಿ

ಕಳೆದ ವರ್ಷ ನವೆಂಬರ್ ತಿಂಗಳೊಂದರಲ್ಲೇ ನನ್ನ ಸೈಕಲ್ಲಿನ ಟ್ಯೂಬುಗಳಿಗೆ ಒಂಬತ್ತು ಪ್ಯಾಚ್ ಹಾಕಿದ್ದೆ. ಚಿತ್ರದುರ್ಗದ ಸುತ್ತಮುತ್ತ ಡಾಂಬರು ರಸ್ತೆ ಬಿಟ್ಟು ಹೊಲದ ಬದುವಿಗೋ, ಕೆರೆ ಏರಿಗೋ, ಗಾಳಿಯಂತ್ರಗಳಿಗಾಗಿ ಗುಡ್ಡದ ಮೇಲೆ ಮಾಡಿರುವ ಮಣ್ಣಿನ ದಾರಿಗೋ ಸೈಕಲ್ ಇಳಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಈ ಕಡೆ ಚಕ್ರಕ್ಕೆ ಚುಚ್ಚುವ ಮುಳ್ಳು ಮುಖ್ಯವಾಗಿ ಎರಡು. ಒಂದು ಬಳ್ಳಾರಿ ಜಾಲಿಯದು. ಉರುವಲಿಗೆಂದು 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ತರಿಸಿದ ಈ ಗಿಡ ಬಯಲುಸೀಮೆಯ ಕೆರೆಯಂಗಳಗಳನ್ನು ಆವರಿಸಿಕೊಂಡಿದೆ. ಬೇಲಿಗೆಂದು ಕಡಿದು ಸಾಗಿಸುವಾಗ ದಾರಿಯಲ್ಲಿ ಉದುರಿದ ಅದರ ಮುಳ್ಳು ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ. ಇನ್ನೊಂದು ನೆಗ್ಗಿನ ಮುಳ್ಳು. ಶೇಂಗಾ ಹೊಲದ ಅಂಚಿನಲ್ಲಿ ನೆಲಕ್ಕಂಟಿಕೊಂಡು ಹಬ್ಬುವ, ಪುಟ್ಟ ಹಳದಿ ಹೂ ಬಿಡುವ ಈ ಬಳ್ಳಿಯ ಕಾಯಿ ಒಣಗಿ ಐದು ಹೋಳಾಗುತ್ತದೆ, ಮತ್ತು ಹೋಳು ಹೇಗೆ ಬಿದ್ದರೂ ಒಂದಾದರೂ ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಜಾಲಿ ಮುಳ್ಳು ಚುಚ್ಚಿದ್ದು ಕೂಡಲೇ ತಿಳಿಯುತ್ತದೆ. ನೆಗ್ಗಿನ ಮುಳ್ಳು ಚುಚ್ಚಿದ್ದು ಮರುದಿನ ಬೆಳಿಗ್ಗೆ ಸೈಕಲ್ ಹೊರಗೆ ತೆಗೆಯುವಾಗ ತಿಳಿಯುತ್ತದೆ.

ಪಂಕ್ಚರ್ ಹಾಕುವುದೆಂದರೆ ನನಗೆ ಬೇಸರವೇನಿಲ್ಲ. ಅಪ್ಪನ ಇಪ್ಪತ್ತೆಂಟು ಇಂಚಿನ ಸೈಕಲ್ಲಿಗೆ ವಾಲ್ ಟ್ಯೂಬ್ ಬದಲಿಸುವುದರಿಂದ ಶುರುವಾದ ವಿದ್ಯೆ ಅದು. ಬೇಸಿನ್ನಿನ ನೀರಿನಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಹುಡುಕುವುದು, ಉಪ್ಪುಕಾಗದದಿಂದ ಉಜ್ಜುವುದು, ಸಲ್ಯೂಷನ್ ಹಚ್ಚಿ ಅದು ಒಣಗುವವರೆಗೆ ಕಾಯುವುದು, ಇವೆಲ್ಲ ಕೈಗೆ ಕೂತಿವೆ. ಆದರೆ ಬೆಳಗಿನ ಒಂದೂವರೆ ಗಂಟೆಯ ಸವಾರಿಯಲ್ಲಿ ಅರ್ಧ ಗಂಟೆಯನ್ನು ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕಳೆದು, ಕಾಲೇಜಿನ ಮೊದಲ ತರಗತಿಗೆ ಬೆರಳಿನಲ್ಲಿ ಸಲ್ಯೂಷನ್ ವಾಸನೆ ಇಟ್ಟುಕೊಂಡು ಹೋಗುವುದು ತಿಂಗಳಿಗೆ ಒಂಬತ್ತು ಬಾರಿಯಾದರೆ ಯಾರಿಗಾದರೂ ಸಾಕಾಗುತ್ತದೆ. ಟ್ಯೂಬ್‌ಲೆಸ್ ಮಾಡಿಸೋಣವೆಂದು ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಚಾಚಾನಲ್ಲಿ ಕೇಳಿದೆ. ಅವರು ನನ್ನ ಹಿಂದಿನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, "ಸ್ಕೂಟರಿಗೆ ಆದ್ರೆ ಸರಿ ಮೇಷ್ಟ್ರೆ. ಇದ್ರ ರಿಮ್ಮಿನ ತುಂಬ ತೂತೇ ಇದಾವಲ್ಲ, ಗಾಳಿ ಎಲ್ಲಿ ನಿಲ್ತದೆ?" ಎಂದರು. ನಾನು ನಕ್ಕು, ಅದಕ್ಕೆ ಟೇಪ್ ಹಾಕುತ್ತಾರೆ ಚಾಚಾ ಎಂದೆ. ಅವರ ಪ್ರಶ್ನೆಯನ್ನು ಅಂದು ಇನ್ನಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನ ಹತ್ತು ದಿನ ಉಳಿಯುತ್ತಿದ್ದವು.

ಸ್ಕೂಟರಿನ ರಿಮ್ಮಿಗೆ ಕಡ್ಡಿಗಳಿಲ್ಲ, ಆದ್ದರಿಂದ ವಾಲ್ವಿನ ತೂತೊಂದನ್ನು ಬಿಟ್ಟರೆ ಅದು ಹಾಗೆಯೇ ಗಾಳಿ ಹಿಡಿಯುವ ಪಾತ್ರೆ. ಕಡ್ಡಿ ಚಕ್ರದ ಬೈಕುಗಳಿಗೆ ಈಗಲೂ ಹೆಚ್ಚಾಗಿ ಟ್ಯೂಬ್ ಇರುವುದು ಈ ತೂತುಗಳ ಕಾರಣಕ್ಕೇ. ಸೈಕಲ್ಲಿನ ವಿಷಯದಲ್ಲಿ 1999ರಲ್ಲಿ ಮಾವಿಕ್, ಹಚಿನ್ಸನ್ ಮತ್ತು ಮಿಶೆಲಿನ್ ಕಂಪನಿಗಳು ಒಟ್ಟಾಗಿ ತಂದ ಯುಎಸ್‌ಟಿ ಪದ್ಧತಿಯಲ್ಲಿ ರಿಮ್ಮಿನ ಒಳಗೋಡೆಗೆ ಕಡ್ಡಿಯ ತೂತನ್ನೇ ಕೊರೆಯದೆ ಈ ತೊಂದರೆಯನ್ನು ನಿವಾರಿಸಿದ್ದರು. ಆದರೆ ಅಂತಹ ರಿಮ್ಮು, ಅದಕ್ಕೆ ತಕ್ಕ ಟೈರು ಎರಡೂ ಭಾರ ಮತ್ತು ದುಬಾರಿ. ಈಗ ಹೆಚ್ಚಿನವರು ಅನುಸರಿಸುವುದು ಹೆಚ್ಚು ಸರಳವಾದ ಕ್ರಮವನ್ನು: ರಿಮ್ಮಿನ ಒಳಗೋಡೆಯ ತೂತುಗಳ ಮೇಲೆ ಗಾಳಿ ದಾಟದ ಟೇಪ್ ಸುತ್ತಿ, ಬುಡದಲ್ಲಿ ರಬ್ಬರ್ ಇರುವ ಪ್ರತ್ಯೇಕ ವಾಲ್ವ್ ಕೂರಿಸಿ, ಟೈರಿನೊಳಗೆ ಸೀಲೆಂಟ್ ಎಂಬ ಬಿಳಿಯ ದ್ರವ ಹಾಕುವುದು. ಮುಳ್ಳು ಚುಚ್ಚಿದಾಗ ಹೊರಗೆ ನುಗ್ಗುವ ಗಾಳಿಯೇ ಆ ದ್ರವವನ್ನು ತೂತಿಗೆ ತಂದು ತುರುಕುತ್ತದೆ, ಅದರಲ್ಲಿರುವ ಸಣ್ಣ ಕಣಗಳು ಸಿಕ್ಕಿಕೊಳ್ಳುತ್ತವೆ, ರಬ್ಬರ್ ಹಾಲು ಅಲ್ಲೇ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ.

ಎಲ್ಲ ರಿಮ್ಮಿಗೂ ಇದನ್ನು ಮಾಡಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟೈರಿನ ಎರಡೂ ಅಂಚುಗಳಲ್ಲಿ ತಂತಿಯನ್ನೋ ಗಟ್ಟಿ ನಾರನ್ನೋ ಹುದುಗಿಸಿದ ದಪ್ಪ ಭಾಗಕ್ಕೆ ಬೀಡ್ ಎನ್ನುತ್ತಾರೆ. ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ಮಿನಲ್ಲಿ ಈ ಬೀಡ್ ಕೂರಲು ಎರಡೂ ಬದಿಗೆ ಸಮತಟ್ಟಾದ ಮೆಟ್ಟಿಲಿನಂತಹ ಜಾಗವೂ, ಕೂತ ಬೀಡ್ ಒಳಕ್ಕೆ ಜಾರದಂತೆ ತಡೆಯುವ ಸಣ್ಣ ದಿಬ್ಬವೂ ಇರುತ್ತವೆ, ನಡುವೆ ತಗ್ಗಾದ ಕಾಲುವೆಯೊಂದಿರುತ್ತದೆ. ಅಪ್ಪನ ಕಾಲದ ಸೈಕಲ್ಲಿನ ಉಕ್ಕಿನ ರಿಮ್ಮಿನಲ್ಲಿ ಇದ್ಯಾವುದೂ ಇಲ್ಲ. ಅದರಲ್ಲಿ ಟ್ಯೂಬ್ ತೆಗೆದರೆ ಓಡುತ್ತಿರುವಾಗಲೇ ಟೈರು ಕಳಚಿಕೊಳ್ಳಬಹುದು. ನನ್ನ ಸೈಕಲ್ಲು 29 ಇಂಚಿನ ಮೌಂಟನ್ ಬೈಕ್. ರಿಮ್ಮಿನ ಮೇಲಿನ ಚೀಟಿಯಲ್ಲಿ ಟ್ಯೂಬ್‌ಲೆಸ್ ರೆಡಿ ಎಂಬ ಮಾತೂ, 622×25 ಎಂಬ ಅಂಕಿಗಳೂ ಇದ್ದವು. 622 ಎಂಬುದು ಬೀಡ್ ಕೂರುವ ಜಾಗದ ವ್ಯಾಸ, 25 ಎಂಬುದು ರಿಮ್ಮಿನ ಒಳ ಅಗಲ, ಎರಡೂ ಮಿಲಿಮೀಟರಿನಲ್ಲಿ.

ಆ 25 ಎಂಬ ಅಂಕಿಯೇ ನನ್ನನ್ನು ದಾರಿ ತಪ್ಪಿಸಿತು. ಒಳ ಅಗಲ 25 ಎಂದಮೇಲೆ ಟೇಪಿನ ಅಗಲವೂ 25 ಇರಬೇಕೆಂದು ಲೆಕ್ಕ ಹಾಕಿದೆ. ವ್ಯಾಸ 622 ಆದರೆ ಸುತ್ತಳತೆ ಸುಮಾರು 1.95 ಮೀಟರ್, ಒಂದು ಚಕ್ರಕ್ಕೆ ಎರಡು ಸುತ್ತು, ಎರಡು ಚಕ್ರಕ್ಕೆ ಎಂಟು ಮೀಟರ್, ಹಾಗಾಗಿ ಹತ್ತು ಮೀಟರಿನ ಸುರುಳಿ ಸಾಕು ಎಂಬ ಲೆಕ್ಕವನ್ನೂ ಮಾಡಿದೆ. ಉದ್ದದ ಲೆಕ್ಕ ಸರಿಯಿತ್ತು. ಟೇಪು, ಒಂದು ಜೊತೆ ವಾಲ್ವು, ಅರ್ಧ ಲೀಟರ್ ಸೀಲೆಂಟು, 2.25 ಇಂಚು ಅಗಲದ ಎರಡು ಟ್ಯೂಬ್‌ಲೆಸ್ ಟೈರು, ಔಷಧಿ ಅಂಗಡಿಯಿಂದ ಸರ್ಜಿಕಲ್ ಸ್ಪಿರಿಟ್ಟು ಮತ್ತು 60 ಮಿಲಿಲೀಟರಿನ ಸಿರಿಂಜು, ಇಷ್ಟನ್ನು ಜೋಡಿಸಿಕೊಂಡು ಡಿಸೆಂಬರಿನ ಎರಡನೆಯ ಶನಿವಾರದ ರಜೆಗೆ ಕಾದೆ. ಸ್ಕೂಟರಿಗೆ ಹಾಕುವ ಹಸಿರು ಜೆಲ್ಲನ್ನೇ ಹಾಕಿ, ಅಗ್ಗವಾಗುತ್ತದೆ ಎಂದು ಚಾಚಾ ಸೂಚಿಸಿದ್ದರು. ಅದು ಸೈಕಲ್ ಟೈರಿಗೆ ತೀರ ಮಂದವೆನಿಸಿ ನಾನು ಒಪ್ಪಲಿಲ್ಲ.

ಹಿಂದಿನ ಚಕ್ರದಿಂದ ಆರಂಭಿಸಿದೆ. ಹಳೆಯ ಟೈರು, ಟ್ಯೂಬು, ರಬ್ಬರ್ ಪಟ್ಟಿ ತೆಗೆದು ರಿಮ್ಮಿನ ಒಳಗನ್ನು ಸ್ಪಿರಿಟ್ಟಿನಿಂದ ಬಟ್ಟೆಗೆ ಕಪ್ಪು ಹತ್ತದಿರುವವರೆಗೆ ಒರೆಸಿದೆ. ವಾಲ್ವಿನ ತೂತಿಗಿಂತ ಒಂದು ಗೇಣು ಹಿಂದಿನಿಂದ ಟೇಪ್ ಶುರುಮಾಡಿ, ಎಡಗೈಯಲ್ಲಿ ಸುರುಳಿಯನ್ನು ಬಿಗಿಯಾಗಿ ಎಳೆಯುತ್ತ, ಬಲಗೈ ಹೆಬ್ಬೆರಳಿನಿಂದ ನಡುವಿನ ಕಾಲುವೆಗೆ ಒತ್ತುತ್ತ ಎರಡು ಸುತ್ತು ಸುತ್ತಿದೆ. ಟೇಪ್ ಎಳೆದಷ್ಟೂ ಚೂರು ಕಿರಿದಾಗುತ್ತದೆ ಎಂಬುದು ಆಗ ಕಣ್ಣಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ವಾಲ್ವಿಗೆ ತೂತು ಮಾಡಲು ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಲೆಯ ಮೇಲೆ ಕಾಯಿಸಿಕೊಂಡೆ. ಬ್ಲೇಡಿನಿಂದ ಕೊಯ್ದರೆ ಆ ಸೀಳು ಮುಂದೆ ಹರಿಯುತ್ತ ಹೋಗುತ್ತದೆ, ಕಾದ ದಬ್ಬಣವಾದರೆ ಅಂಚು ಕರಗಿ ದುಂಡಗೆ ನಿಲ್ಲುತ್ತದೆ. ವಾಲ್ವ್ ತುರುಕಿ, ಹೊರಗಿನ ನಟ್ಟನ್ನು ಕೈಯಲ್ಲಷ್ಟೇ ಬಿಗಿದೆ. ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೆ ಈ ನಟ್ಟನ್ನು ಬೆರಳಿನಿಂದಲೇ ಬಿಚ್ಚಬೇಕಲ್ಲ. ಟೈರನ್ನು ವಾಲ್ವಿನ ಎದುರು ಬದಿಯಿಂದ ಹಾಕುತ್ತ ಬಂದು ವಾಲ್ವಿನ ಬಳಿ ಮುಗಿಸಿದೆ. ಹೀಗೆ ಮಾಡಿದರೆ ಉಳಿದೆಡೆ ಬೀಡ್ ನಡುವಿನ ಕಾಲುವೆಗೆ ಇಳಿದು ಕೊನೆಯ ಗೇಣಿಗೆ ಸಡಿಲ ಕೊಡುತ್ತದೆ, ಟೈರು ಮೀಟುವ ಲಿವರ್ ಹಾಕಿ ಟೇಪ್ ಹರಿದುಕೊಳ್ಳುವ ಪ್ರಮೇಯ ಬರುವುದಿಲ್ಲ.

ಇನ್ನು ಗಾಳಿ. ಟ್ಯೂಬಿದ್ದಾಗ ಗಾಳಿ ತನ್ನ ಚೀಲದೊಳಗೆ ಹೋಗಿ ಟೈರನ್ನು ತಾನೇ ಹೊರಕ್ಕೆ ತಳ್ಳುತ್ತದೆ. ಟ್ಯೂಬಿಲ್ಲದಾಗ ಸಡಿಲವಾಗಿ ಕೂತ ಟೈರಿನ ಎರಡೂ ಅಂಚಿನಿಂದ, ನಾನು ಒಳಕ್ಕೆ ತಳ್ಳಿದಷ್ಟೇ ವೇಗದಲ್ಲಿ ಹೊರಗೆ ಹೋಗುತ್ತಿತ್ತು. ಸೋಪಿನ ನೀರು ಹಚ್ಚಿದೆ. ಟೈರಿನ ಹೊರ ಸುತ್ತಿಗೆ ನೂಲಿನ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿದೆ. ಟೈರಿನ ನೆತ್ತಿ ಒಳಕ್ಕೆ ಒತ್ತಿದರೆ ಅಂಚುಗಳು ಹೊರಕ್ಕೆ ಚಾಚಿಕೊಳ್ಳಲೆಂಬ ಉಪಾಯವದು. ಒಂದು ಬದಿ ಸ್ವಲ್ಪ ಹಿಡಿದುಕೊಂಡಂತಾಗಿ ಮತ್ತೆ ಬಿಟ್ಟಿತು. ಪ್ಲಾಸ್ಟಿಕ್ ಬಾಟಲಿಯಲ್ಲಿ ಗಾಳಿಯನ್ನು ಒತ್ತಿಟ್ಟು ಒಮ್ಮೆಲೇ ಬಿಡುವ ಸಾಧನವನ್ನು ಮನೆಯಲ್ಲಿ ಮಾಡಿಕೊಳ್ಳುವವರಿದ್ದಾರೆ, ಆದರೆ ಮುಖದ ಹತ್ತಿರ ಸಿಡಿಯಬಹುದಾದ ಬಾಟಲಿಯ ಜೊತೆ ಕೂರುವ ಧೈರ್ಯ ನನಗಿಲ್ಲ. ನೂರಿಪ್ಪತ್ತು ಸಲ ಪಂಪ್ ಹೊಡೆದು ಬನಿಯನ್ ಒದ್ದೆಯಾದ ಮೇಲೆ ಚಕ್ರ ಹೊತ್ತುಕೊಂಡು ಚಾಚಾನ ಅಂಗಡಿಗೇ ಹೋದೆ. ವಾಲ್ವಿನ ಒಳಗಿನ ತಿರುಳನ್ನು ಬಿಚ್ಚಿ ತೆಗೆದು, ಅವರು ಧೂಳು ಊದುವ ಗಾಳಿ ಗನ್ನಿನ ಮೂತಿಯನ್ನು ತೆರೆದ ವಾಲ್ವಿಗೆ ಒತ್ತಿ ಹಿಡಿದು ಎರಡು ಸಣ್ಣ ಸಣ್ಣ ಹೊಡೆತ ಕೊಟ್ಟರು. ಮೊದಲು ಎಡಕ್ಕೆ ಟಪ್ ಎಂದಿತು, ಆಮೇಲೆ ಬಲಕ್ಕೆ ಟಪ್ ಟಪ್ ಎಂದು ಬೀಡ್ ಮೆಟ್ಟಿಲೇರಿ ಕೂತಿತು. ಆ ಗನ್ನಿಗೆ ಒತ್ತಡ ತೋರಿಸುವ ಮಾಪಕವಿಲ್ಲದ ಕಾರಣ ಹೆಚ್ಚು ಹೊತ್ತು ಹಿಡಿಯಬೇಡಿರೆಂದು ನಾನು ಹೇಳುತ್ತಲೇ ಇದ್ದೆ. "ಸ್ಕೂಟರ್ ಟೈರ್ ಕೂರ್ಸೋನ್ಗೆ ಇದೇನ್ ಮಹಾ ಮೇಷ್ಟ್ರೆ" ಎಂದು ಅವರು ದುಡ್ಡೂ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಸೀಲೆಂಟಿನ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಏಕೆಂದರೆ ಅದರ ಕಣಗಳೆಲ್ಲ ತಳದಲ್ಲಿ ಕೂತಿರುತ್ತವೆ, ಸಿರಿಂಜಿನಿಂದ ವಾಲ್ವಿನ ಮೂಲಕ 100 ಮಿಲಿಲೀಟರ್ ಬಿಟ್ಟೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಅಮೋನಿಯಾ ಹೊಡೆಯಿತು. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟದ ಮನೆಗಳಿಗೆ ಹೋಗಿಬಂದವರಿಗೆ ಇದು ಪರಿಚಿತ ವಾಸನೆ. ರಬ್ಬರ್ ಹಾಲು ಹೆಪ್ಪಾಗದೆ ದ್ರವವಾಗಿಯೇ ಉಳಿಯಬೇಕಾದರೆ ಅಮೋನಿಯಾ, ಶೀಟ್ ಮಾಡಲು ಹೆಪ್ಪಾಗಬೇಕಾದರೆ ಆಮ್ಲ. ಮನೆಯವಳು ಬಾಗಿಲಿಗೆ ಬಂದು, "ಏನ್ರೀ ಇದು ವಾಸನೆ? ಆ ಪಂಚೆ ಇನ್ಮೇಲೆ ಸೈಕಲ್ಲಿಗೇ ಇರ್ಲಿ" ಎಂದಳು. ಮಡಿಲ ಮೇಲೆ ಬಿದ್ದಿದ್ದ ನಾಲ್ಕು ಹನಿ ಆಗಲೇ ರಬ್ಬರಾಗಿದ್ದವು, ಇಂದಿಗೂ ಹೋಗಿಲ್ಲ. ತಿರುಳನ್ನು ಮತ್ತೆ ಹಾಕಿ 35 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿ, ಚಕ್ರವನ್ನು ಮೊರ ಕೇರುವಂತೆ ಎರಡೂ ಬದಿಗೆ ವಾಲಿಸಿ ಅಲುಗಿಸಿ, ಬಕೆಟ್ಟಿನ ಮೇಲೆ ಮಲಗಿಸಿಟ್ಟೆ.

ಭಾನುವಾರ ಬೆಳಿಗ್ಗೆ ಟೈರು ಹಿಟ್ಟಿನಂತೆ ಮೆತ್ತಗಿತ್ತು.

ಗಾಳಿ ತುಂಬಿ ಸೋಪಿನ ನೀರು ಚಿಮುಕಿಸಿದೆ. ಟೈರಿನ ಮೈಯಲ್ಲಾಗಲಿ ಅಂಚಿನಲ್ಲಾಗಲಿ ಒಂದು ಗುಳ್ಳೆಯೂ ಇಲ್ಲ. ವಾಲ್ವಿನ ನಟ್ಟಿನ ಸುತ್ತ ಮಾತ್ರ ಸಾಸಿವೆ ಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ವಾಲ್ವೇ ಕಳಪೆಯೆಂದು ತೀರ್ಮಾನಿಸಿ, ಕೈಯಲ್ಲಷ್ಟೇ ಬಿಗಿಯಬೇಕೆಂಬ ನನ್ನದೇ ನಿಯಮವನ್ನು ಮುರಿದು ಇಕ್ಕಳ ಹಾಕಿ ತಿರುಗಿಸಿದೆ. ಗುಳ್ಳೆ ಕಡಿಮೆಯಾಯಿತು, ಸಂಜೆಗೆ ಟೈರು ಮತ್ತೆ ಮೆತ್ತಗಾಯಿತು. ಎರಡು ದಿನ ಹೀಗೆಯೇ ಕಳೆದವು. ಮೂರನೆಯ ಸಂಜೆ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ತಿರುಗಿಸುತ್ತಿದ್ದಾಗ ವಾಲ್ವಿನಿಂದ ಏಳನೆಯ ಕಡ್ಡಿಯ ಬುಡದಲ್ಲಿ, ಕಡ್ಡಿ ರಿಮ್ಮಿನೊಳಗೆ ಹೋಗುವ ಜಾಗದಲ್ಲಿ, ನೊರೆಯ ಒಂದು ಸಣ್ಣ ಗೂಡು ಕಂಡಿತು. ಇನ್ನೊಂದು ಹತ್ತೊಂಬತ್ತನೆಯ ಕಡ್ಡಿಯ ಬುಡದಲ್ಲಿ. ಚಾಚಾ ಕೇಳಿದ್ದ ತೂತುಗಳು ಇವೇ.

ಕಡ್ಡಿಯ ಬುಡದಲ್ಲಿ ಗಾಳಿ ಬರುತ್ತಿದೆಯೆಂದರೆ ಟೇಪ್ ಎಲ್ಲೋ ಬಿಟ್ಟುಕೊಂಡಿದೆಯೆಂದೇ ಅರ್ಥ. ಇಲ್ಲಿ ಮೋಸ ಹೋಗಲು ಕಾರಣವಿದೆ. ರಿಮ್ಮು ಎರಡು ಗೋಡೆಯ ಪೊಳ್ಳು ಕೊಳವೆ. ಟೇಪಿನಡಿಯಿಂದ ಒಮ್ಮೆ ಆ ಪೊಳ್ಳಿನೊಳಗೆ ಸೇರಿದ ಗಾಳಿ ತನಗೆ ಸುಲಭವಾದ ಬಾಗಿಲಿನಿಂದ ಹೊರಬರುತ್ತದೆ, ಅದು ವಾಲ್ವಿನ ನಟ್ಟೂ ಆಗಬಹುದು, ಯಾವುದೋ ಕಡ್ಡಿಯೂ ಆಗಬಹುದು. ಆದ್ದರಿಂದ ಗುಳ್ಳೆ ಕಂಡ ಜಾಗಕ್ಕೂ ಟೇಪ್ ಬಿಟ್ಟ ಜಾಗಕ್ಕೂ ಸಂಬಂಧವೇ ಇಲ್ಲದಿರಬಹುದು. ಟೈರ್ ಬಿಚ್ಚಿ, ಸೀಲೆಂಟನ್ನು ಹಳೆಯ ಉಪ್ಪಿನಕಾಯಿ ಜಾಡಿಗೆ ಬಸಿದುಕೊಂಡು ನೋಡಿದರೆ ವಿಷಯ ಸ್ಪಷ್ಟವಾಯಿತು. 25 ಮಿಲಿಮೀಟರ್ ಎಂಬುದು ಗೋಡೆಯಿಂದ ಗೋಡೆಗೆ ನೇರವಾಗಿ ಅಳೆದ ಅಗಲ. ಟೇಪ್ ನಡುವಿನ ಕಾಲುವೆಗೆ ಇಳಿದು ಹತ್ತಬೇಕಾದ್ದರಿಂದ ಅಷ್ಟು ಸಾಲದು. ಮೇಲಾಗಿ ನಾನು ಎಳೆದು ಕಿರಿದು ಮಾಡಿದ್ದೆ. ಹಾಗಾಗಿ ಟೇಪಿನ ಅಂಚು ಬೀಡ್ ಕೂರುವ ಮೆಟ್ಟಿಲಿನ ಮೇಲೆ ಅರ್ಧಕ್ಕೇ ನಿಂತಿತ್ತು, ಬೀಡ್ ಟಪ್ಪೆಂದು ಏರಿ ಕೂರುವಾಗ ಆ ಅಂಚನ್ನೇ ಉಜ್ಜಿ ಎಬ್ಬಿಸಿತ್ತು, ಎದ್ದ ಅಂಚಿನ ಕೆಳಗೆ ಸೀಲೆಂಟ್ ಹರಿದು ಅಂಟನ್ನೂ ಬಿಡಿಸಿತ್ತು. ಟೈರು, ವಾಲ್ವು, ಸೀಲೆಂಟು ಎಲ್ಲವೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು. ಒಳ ಅಗಲಕ್ಕಿಂತ ನಾಲ್ಕೈದು ಮಿಲಿಮೀಟರ್ ಹೆಚ್ಚಿರುವ ಟೇಪ್, ಅಂದರೆ 30 ಮಿಲಿಮೀಟರಿನದು, ಬೇಕಿತ್ತು.

ಹೊಸ ಟೇಪ್ ಬರಲು ಐದು ದಿನ ಹಿಡಿಯಿತು. ಅಷ್ಟರಲ್ಲಿ ರಿಮ್ಮಿಗೆ ಅಂಟಿದ ಹಳೆಯ ಅಂಟನ್ನೂ ಒಣಗಿದ ರಬ್ಬರಿನ ಪೊರೆಯನ್ನೂ ಬೆರಳಿನಿಂದ ಉಂಡೆ ಮಾಡಿ ಮಾಡಿ ತೆಗೆದೆ. ಈ ಬಾರಿ ಟೇಪನ್ನು ಎರಡೂ ಗೋಡೆಯ ಬುಡ ಮುಟ್ಟುವಂತೆ ಹಾಕಿ, ಗುಳ್ಳೆ ನಿಂತಲ್ಲೆಲ್ಲ ಮಡಿಸಿದ ಬಟ್ಟೆಯಿಂದ ತೀಡಿದೆ. ಹೆಬ್ಬೆರಳು ಎರಡು ದಿನ ಸೀಮೆಸುಣ್ಣ ಹಿಡಿಯಲು ನೋಯುತ್ತಿತ್ತು. ಆಮೇಲೆ ವಾಲ್ವ್ ಕೂರಿಸುವ ಮೊದಲು ಹಳೆಯ ಟ್ಯೂಬನ್ನೇ ಒಳಗಿಟ್ಟು, ಟೈರು ಹಾಕಿ, 40 ಪಿಎಸ್‌ಐ ತುಂಬಿ ರಾತ್ರಿಯಿಡೀ ಬಿಟ್ಟೆ. ಇದರಿಂದ ಎರಡು ಲಾಭ. ಟ್ಯೂಬಿನ ಒತ್ತಡಕ್ಕೆ ಟೇಪ್ ಇಂಚಿಂಚೂ ರಿಮ್ಮಿಗೆ ಅಪ್ಪಿಕೊಳ್ಳುತ್ತದೆ, ಎರಡೂ ಬೀಡ್ ತಮ್ಮ ಜಾಗದಲ್ಲಿ ಕೂತಿರುತ್ತವೆ. ಬೆಳಿಗ್ಗೆ ಒಂದು ಬದಿಯ ಬೀಡನ್ನಷ್ಟೇ ಎಬ್ಬಿಸಿ ಟ್ಯೂಬನ್ನು ಎಳೆದು ತೆಗೆದು, ವಾಲ್ವ್ ಹಾಕಿ, ಆ ಬದಿಯನ್ನು ಮತ್ತೆ ಒಳಗೆ ಸೇರಿಸಿದೆ. ಇನ್ನೊಂದು ಬದಿ ಕೂತೇ ಇದ್ದುದರಿಂದ ಗಾಳಿ ಒಂದೇ ಕಡೆ ಸೋರಬೇಕಿತ್ತು; ತಿರುಳು ತೆಗೆದ ವಾಲ್ವಿಗೆ ಕಾಲ್ಪಂಪಿನ ಮೂತಿ ಬಿಗಿದು ಜೋರಾಗಿ ಹದಿನೈದು ಹೊಡೆತ ಹೊಡೆಯುವಷ್ಟರಲ್ಲಿ ಟಪ್ ಎಂದಿತು. ಕಂಪ್ರೆಸರ್ ಬೇಕಾಗಲಿಲ್ಲ. ಜಾಡಿಯಲ್ಲಿದ್ದ ಸೀಲೆಂಟನ್ನು ಹಳೆಯ ಪಂಚೆಯಲ್ಲಿ ಸೋಸಲು ಹೋಗಿ ಅದರ ಕಣಗಳನ್ನೆಲ್ಲ ಬಟ್ಟೆಯಲ್ಲೇ ಉಳಿಸಿಕೊಂಡೆ, ಆದ್ದರಿಂದ ಅದನ್ನು ಚೆಲ್ಲಿ ಹೊಸದಾಗಿ 100 ಮಿಲಿಲೀಟರ್ ಹಾಕಬೇಕಾಯಿತು. ಮುಂದಿನ ಚಕ್ರಕ್ಕೆ, ರಾತ್ರಿ ಟ್ಯೂಬ್ ತುಂಬಿಟ್ಟ ಹೊತ್ತನ್ನು ಬಿಟ್ಟರೆ, ಒಂದು ಗಂಟೆಯೂ ಹಿಡಿಯಲಿಲ್ಲ.

ತೂಕ ಇಳಿಯುತ್ತದೆ ಎನ್ನುವ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಈ ಅಳತೆಯ ಟ್ಯೂಬ್ ಸುಮಾರು 200 ಗ್ರಾಂ ತೂಗುತ್ತದೆ, ಅದರ ಅರ್ಧದಷ್ಟು ತೂಕ ಸೀಲೆಂಟಾಗಿ ವಾಪಸ್ಸು ಬರುತ್ತದೆ, ವಾಲ್ವು ಟೇಪು ಬೇರೆ. ನನಗೆ ಗೊತ್ತಾದ ವ್ಯತ್ಯಾಸ ಒತ್ತಡದ್ದು. ಟ್ಯೂಬಿದ್ದಾಗ 40 ಪಿಎಸ್‌ಐಗಿಂತ ಕೆಳಗೆ ಹೋದರೆ ಕಲ್ಲಿನ ಏಟಿಗೆ ಟ್ಯೂಬು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತಿತ್ತು. ಈಗ 68 ಕಿಲೋ ತೂಕದ ನಾನು ಹಿಂದೆ 28, ಮುಂದೆ 25 ಪಿಎಸ್‌ಐ ಇಟ್ಟುಕೊಂಡು ಓಡಿಸುತ್ತೇನೆ. ಜೋಗಿಮಟ್ಟಿ ಗುಡ್ಡದ ಏರಿನಲ್ಲಿ ಜಲ್ಲಿ ಎದ್ದ ಕಡೆ ಹಿಂದಿನ ಚಕ್ರ ಸುಮ್ಮನೆ ತಿರುಗಿ ಜಾರುತ್ತಿದ್ದುದು ಬಹಳಷ್ಟು ನಿಂತಿದೆ, ಮಣಿಕಟ್ಟಿನ ನೋವೂ ತಗ್ಗಿದೆ. ಜನವರಿಯಲ್ಲೊಮ್ಮೆ ಇಳಿಜಾರಿನಲ್ಲಿ ಬೆರಳುದ್ದದ ಜಾಲಿ ಮುಳ್ಳು ಹಿಂದಿನ ಟೈರಿಗೆ ನೇರ ನೆಟ್ಟಿತು. ಕಿತ್ತಾಗ ಸುಯ್ ಎಂದು ಬಿಳಿ ಹಾಲು ಚಿಮ್ಮಿ ನನ್ನ ಮೊಣಕಾಲಿಗೆ ಹಾರಿತು; ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿದೆ, ಹತ್ತು ಎಣಿಸುವಷ್ಟರಲ್ಲಿ ಸದ್ದು ನಿಂತಿತು. ಮೂರು ಪಿಎಸ್‌ಐ ಇಳಿದಿತ್ತು. ಹಾಗೆಂದು ಬ್ಯಾಗಿನಲ್ಲಿ ಒಂದು ಟ್ಯೂಬನ್ನು ಇಟ್ಟುಕೊಳ್ಳುವುದನ್ನು ಬಿಟ್ಟಿಲ್ಲ, ಏಕೆಂದರೆ ಟೈರಿನ ಪಕ್ಕೆ ಕಲ್ಲಿಗೆ ಸೀಳಿದರೆ ಯಾವ ಸೀಲೆಂಟೂ ನಿಲ್ಲಿಸದು.

ಸೀಲೆಂಟ್ ಶಾಶ್ವತವೂ ಅಲ್ಲ. ನಮ್ಮ ಬಯಲುಸೀಮೆಯ ಒಣ ಬಿಸಿಲಿಗೆ ಅದು ಬೇಗ ಆರುತ್ತದೆ. ಏಪ್ರಿಲ್ ಮೊದಲ ವಾರ ಹಿಂದಿನ ಚಕ್ರವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಎಳನೀರಿನಂತಹ ಕುಲುಕು ಕೇಳಿಸದ ಕಾರಣ ಒಂದು ಬದಿ ಬಿಚ್ಚಿ ನೋಡಿದೆ. ತಳದಲ್ಲಿ ಎರಡು ಚಮಚೆಯಷ್ಟು ದ್ರವ ಉಳಿದಿತ್ತು, ಮಿಕ್ಕಿದ್ದು ಒಳಮೈಗೆ ತೆಳುವಾದ ಕೆನೆಯಂತೆ ಅಂಟಿತ್ತು. ಟೈರನ್ನು ಮಗುಚಿ ಒಳಗೆ ಕೈಯಾಡಿಸಿದರೆ ಅಲ್ಲಲ್ಲಿ ಮೊನಚು ತಾಗಿತು. ದೀಪ ಹಿಡಿದು ನೋಡಿದೆ. ಹೊರಗೆ ಮುರಿದುಹೋಗಿ ಒಳಗೆ ತುದಿಯಷ್ಟೇ ಉಳಿದ ಮುಳ್ಳುಗಳು, ಒಂದೊಂದರ ನೆತ್ತಿಯ ಮೇಲೂ ಒಣಗಿದ ರಬ್ಬರಿನ ಸಣ್ಣ ಟೋಪಿ. ಉಗುರು ಕತ್ತರಿಯಿಂದ ಒಂದೊಂದಾಗಿ ಹಿಡಿದೆಳೆದು ಕಾಗದದ ಮೇಲಿಟ್ಟು ಎಣಿಸಿದೆ. ಹದಿನಾಲ್ಕು, ಅದರಲ್ಲಿ ಹನ್ನೊಂದು ನೆಗ್ಗಿನವು. ಟೇಪಿನ ಅಂಚನ್ನು ಸುತ್ತಲೂ ಬೆರಳಿನಿಂದ ತಡವಿ ನೋಡಿದೆ, ಎಲ್ಲೂ ಎದ್ದಿರಲಿಲ್ಲ. 90 ಮಿಲಿಲೀಟರ್ ಹೊಸ ಸೀಲೆಂಟ್ ಸುರಿದು, ಪಂಪಿನಿಂದಲೇ ಕೂರಿಸಿ, ಕೆಲಸಕ್ಕೆ ಬಾರದೆ ಉಳಿದಿದ್ದ 25 ಮಿಲಿಮೀಟರ್ ಟೇಪಿನ ಒಂದು ತುಂಡನ್ನು ವಾಲ್ವಿನ ಪಕ್ಕ ರಿಮ್ಮಿನ ಹೊರಗೆ ಅಂಟಿಸಿ ಅದರ ಮೇಲೆ ಅಂದಿನ ತಾರೀಖು ಬರೆದೆ.